ಅರೆದ ಪುಡಿಯ ಲೆಕ್ಕ ತಕ್ಕಡಿಗೆ ಸಿಕ್ಕದು

ರಾಯಚೂರು ಜಿಲ್ಲೆಯಲ್ಲಿ ಹಾರುಬೂದಿ ಇಟ್ಟಿಗೆ ತಯಾರಿಸುವ ನಮ್ಮ ಕಕ್ಷಿದಾರರೊಬ್ಬರು ಕಳೆದ ವರ್ಷ ಒಂದು ಕಂಪಿಸುವ ಬಾಲ್ ಮಿಲ್ಲಿನ ಕೊಟೇಶನ್ ತಂದು, "ಸರ್, ಬೂದಿಯನ್ನು ಇದರಲ್ಲಿ ಅರೆದರೆ ಸಿಮೆಂಟು ಕಡಿಮೆ ಸಾಕಂತೆ. ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಿ" ಎಂದರು. ಕೊಟೇಶನ್ನಿನಲ್ಲಿ ಬೂದಿ ಎಷ್ಟು ನುಣ್ಣಗಾಗುವುದೆಂಬ ಅಂಕಿಯಿತ್ತು. ಎಷ್ಟು ಚುರುಕಾಗುವುದೆಂಬ ಮಾತೇ ಇರಲಿಲ್ಲ. ಇವೆರಡೂ ಒಂದೇ ಎಂದು ನಮ್ಮಲ್ಲಿ ಬಹುಮಂದಿ ಭಾವಿಸಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಘನವಸ್ತುವನ್ನು ಅರೆಯುವಾಗ ಮೊದಲು ಕಣಗಳು ಒಡೆದು ಮೇಲ್ಮೈ ಹೆಚ್ಚುತ್ತದೆ. ಅರೆತ ಮುಂದುವರಿದಂತೆ ಗುಂಡುಗಳ ಪೆಟ್ಟಿನ ಶಕ್ತಿಯ ಒಂದಂಶವು ಕಣದೊಳಗಿನ ರಚನೆಯನ್ನೇ ಕದಡಿ ಅಲ್ಲಿ ಉಳಿಯುತ್ತದೆ. ಹೀಗೆ ಕದಡಿದ ವಸ್ತುವು ರಾಸಾಯನಿಕ ಕ್ರಿಯೆಗೆ ಬೇಗ ಒದಗುತ್ತದೆ. ಇದು ನಮಗೆ ಹೊಸತೇನೂ ಅಲ್ಲ: ಆಯುರ್ವೇದದವರು ಪಾದರಸ ಮತ್ತು ಗಂಧಕವನ್ನು ಖಲ್ವದಲ್ಲಿಟ್ಟು, ಬೆಂಕಿಯ ಸೋಂಕಿಲ್ಲದೆ, ಬರಿಯ ಅರೆತದಿಂದಲೇ ಕಪ್ಪು ಕಜ್ಜಲಿಯನ್ನು ಮಾಡುತ್ತಾರೆ. ಹಾಕಿದ ತೂಕವೇ ಉಳಿದರೂ ವಸ್ತು ಬೇರೆಯಾಗಿರುತ್ತದೆ.

ಹಾರುಬೂದಿಯಲ್ಲಿ ಗಾಜಿನಂಥ ಸೂಕ್ಷ್ಮ ಗೋಲಗಳಿರುತ್ತವೆ. ಅವು ಒಡೆದು ಕದಡಿದರೆ ಸುಣ್ಣದೊಡನೆ ಸುಲಭವಾಗಿ ಬೆರೆತು ಗಟ್ಟಿಯಾಗುತ್ತವೆ. ಜಮ್‌ಶೆಡ್‌ಪುರದ ರಾಷ್ಟ್ರೀಯ ಲೋಹ ಪ್ರಯೋಗಾಲಯವು ಬೂದಿ ಮತ್ತು ಉಕ್ಕು ಕಾರ್ಖಾನೆಯ ಕಿಟ್ಟಗಳ ಮೇಲೆ ಈ ಕೆಲಸವನ್ನು ಬಹುಕಾಲ ನಡೆಸಿದೆ. ಆದರೆ ಒಂದೇ ನುಣುಪಿಗೆ ತಂದರೂ, ಅರೆದ ಯಂತ್ರ ಬೇರೆಯಾದರೆ ಚುರುಕೂ ಬೇರೆಯಾಗಬಹುದು. ಭಾರತೀಯ ಮಾನಕ ಐಎಸ್ 3812ರ ಒಂದನೆಯ ಭಾಗವೂ ಕಿಲೋಗ್ರಾಮಿಗೆ ಕನಿಷ್ಠ 320 ಚದರ ಮೀಟರ್ ಮೇಲ್ಮೈ ಕೇಳಿ ಸುಮ್ಮನಾಗುವುದಿಲ್ಲ; ಸುಣ್ಣದೊಡನೆ ವರ್ತಿಸಿ ಚದರ ಮಿಲಿಮೀಟರಿಗೆ ಕನಿಷ್ಠ 4.5 ನ್ಯೂಟನ್ ಬಲ ಬರಬೇಕೆಂದು ಪ್ರತ್ಯೇಕವಾಗಿ ವಿಧಿಸುತ್ತದೆ. ಕೊಳ್ಳುವವರು ಮೊದಲು ಕೇಳಬೇಕಾದುದು ಈ ಎರಡನೆಯ ಅಂಕಿಯನ್ನು.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಒಂದು ಟನ್ ಬೂದಿ ಅರೆಯಲು 50 ಯೂನಿಟ್ ವಿದ್ಯುತ್ ಬೇಕು, ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಳ್ಳೋಣ. 400 ರೂಪಾಯಿ ಆಯಿತು. ಗುಂಡುಗಳ ಸವೆತ, ಯಂತ್ರದ ಸವಕಳಿ, ಬಡ್ಡಿ, ಕೂಲಿ ಸೇರಿ ಇನ್ನೊಂದು 120 ಇರಲಿ. ಸಿಮೆಂಟು ಕಿಲೋಗೆ 7 ರೂಪಾಯಿಯಾದರೆ, ಅರೆದ ಪ್ರತಿ ಟನ್ ಬೂದಿಯಿಂದ ಸುಮಾರು 75 ಕಿಲೋ ಸಿಮೆಂಟು ಉಳಿಯದ ಹೊರತು ಆ ಮಿಲ್ಲು ನಷ್ಟದ ಬಾಬೇ ಸರಿ. ಈ ಅಂಕಿಗಳು ಊಹೆಯವು. ಓದುಗರು ತಮ್ಮ ತಮ್ಮ ಬಿಲ್ಲುಗಳ ಅಂಕಿಗಳನ್ನು ಹಾಕಿ ನೋಡತಕ್ಕದ್ದು. ಇನ್ನಷ್ಟು ಹೊತ್ತು ಅರೆದರೆ ಇನ್ನಷ್ಟು ಲಾಭವೆಂದೂ ತಿಳಿಯಬಾರದು. ಒಂದು ಹಂತದ ಬಳಿಕ ನುಣ್ಣನೆಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ಆದರೂ ಮೀಟರು ಓಡುತ್ತಲೇ ಇರುತ್ತದೆ.

ದಾಸ್ತಾನಿನ ವಿಷಯ ಇನ್ನೂ ಸೂಕ್ಷ್ಮವಾದುದು. ಚುರುಕುಗೊಂಡ ಪುಡಿಯು ಗಾಳಿಯ ತೇವವನ್ನು ಎಳೆದುಕೊಂಡು ಮಂದವಾಗಬಲ್ಲದು. ಅಂಗಡಿಯಲ್ಲಿ ಮೂರು ತಿಂಗಳು ಮೀರಿದ ಸಿಮೆಂಟನ್ನು ಮರುಪರೀಕ್ಷಿಸುವ ಪದ್ಧತಿ ವರ್ತಕರಿಗೆ ಗೊತ್ತೇ ಇದೆ. ಅರೆದ ಬೂದಿಗೂ ಅದೇ ಎಚ್ಚರ ಬೇಕು. ದಾಸ್ತಾನು ವಹಿಯಲ್ಲಿ ಮಾತ್ರ ತೂಕವಿದೆಯೇ ವಿನಾ ಅರೆದ ತಾರೀಖಿಲ್ಲ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ಮಾರಾಟದಿಂದ ನಿವ್ವಳವಾಗಿ ಬರಬಹುದಾದ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಕಟ್ಟಬೇಕು. ಮಂದವಾದ ಪುಡಿಗೆ ಅರೆದ ಖರ್ಚನ್ನೆಲ್ಲ ಹೊರಿಸಿ ಆಸ್ತಿಯೆಂದು ತೋರಿಸುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಸಣ್ಣ ಘಟಕವೊಂದು ಒಂಟಿಯಾಗಿ ಪ್ರಯೋಗಾಲಯವನ್ನು ಇಟ್ಟುಕೊಳ್ಳಲಾರದು. ಆದುದರಿಂದ ನಮ್ಮ ಮಂಡಳಿಯು ಆಸಕ್ತ ಸದಸ್ಯರನ್ನು ಕೂಡಿಸಿ, ಪಾಲುವೆಚ್ಚದಲ್ಲಿ ಪರೀಕ್ಷೆಯ ಏರ್ಪಾಡು ಮಾಡಬೇಕೆಂಬುದು ನನ್ನ ಆಗ್ರಹ. ಆ ಕಕ್ಷಿದಾರರಿಗೂ ನಾನು ಒಂದೇ ಷರತ್ತು ಹಾಕಿದೆ: ತಮ್ಮದೇ ಬೂದಿಯನ್ನು ಮಾರಾಟಗಾರನ ಯಂತ್ರದಲ್ಲಿ ಅರೆಸಿ, ಇಟ್ಟಿಗೆ ಮಾಡಿ, 28 ದಿನಗಳ ಬಲವನ್ನು ಬರವಣಿಗೆಯಲ್ಲಿ ತರಬೇಕು. ಮಾರಾಟಗಾರ ಇನ್ನೂ ಒಪ್ಪಿಲ್ಲ. ಪ್ರಾಜೆಕ್ಟ್ ರಿಪೋರ್ಟಿಗೆ ನಾನೂ ಸಹಿ ಹಾಕಿಲ್ಲ.