ವಿಶ್ವಾಸವೂ ಸತ್ಕ್ರಿಯೆಯೂ

ಕ್ರಿಸ್ತನೇ ಬೆಳಕು, ವಿಶ್ವಾಸದಿಂದಲೇ ರಕ್ಷಣೆ ಎಂಬ ಉಪದೇಶವನ್ನು ವೆಸ್ಲಿಯನ್ ಮಿಷನರಿಗಳು 1837ರಲ್ಲಿ ಗುಬ್ಬಿಗೆ ತಂದರು. ಇದು ಸೋಮಾರಿಗಳ ಮತವೆಂದು ಹಳಿಯುವವರುಂಟು. ಈ ಆಕ್ಷೇಪವು ಯುಕ್ತವಲ್ಲ. ವಿಶ್ವಾಸವು ಸತ್ಕ್ರಿಯೆಗಳನ್ನು ಬಿಡದೆ ಮಾಡಿಸುವ ಸಜೀವವಸ್ತುವೆಂದು ಲೂಥರನು 1522ರಲ್ಲಿಯೇ ರೋಮಾಪುರದವರ ಪತ್ರಿಕೆಯ ಪೀಠಿಕೆಯಲ್ಲಿ ಬರೆದನು. ಆ ಪೀಠಿಕೆಯನ್ನು ಕೇಳುತ್ತಿರುವಾಗಲೇ 1738ರಲ್ಲಿ ಜಾನ್ ವೆಸ್ಲಿಯ ಹೃದಯದಲ್ಲಿ ರಕ್ಷಣೆಯ ಭರವಸೆ ಮೂಡಿತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರರಿಗೆ ಇದು ಅರಿಯದ ಮಾತಲ್ಲ. ಅಟ್ಟದ ಮೇಲಣ ಕಾಯಿಯನ್ನು ಬಡಿದು ಕೊಬ್ಬರಿಯಾಗಿಸಲಾಗದು. ತಿಂಗಳುಗಟ್ಟಲೆ ಒಳನೀರು ಇಂಗಿ ತಾನಾಗಿ ಗಿಟುಕಾಗಬೇಕು. ಆದರೆ ಗಿಟುಕಾದ ಕಾಯಿಯು ಅಲುಗಿಸಿದೊಡನೆ ಸದ್ದು ಮಾಡದಿರದು. ಸತ್ಕ್ರಿಯೆಯು ಆ ಸದ್ದು: ರಕ್ಷಣೆಯ ಬೆಲೆಯಲ್ಲ, ಗುರುತು. ಆದುದರಿಂದ ಹಳಿಯುವವರು, ಬೆಳಕು ಕಂಡೆನೆಂದು ಸಾರುತ್ತ ನೆರೆಯವನ ಹಸಿವಿಗೆ ಅಲುಗದವನನ್ನು ಹಳಿಯಲಿ, ಉಪದೇಶವನ್ನಲ್ಲ.