ರೇಸಿನ ಖರ್ಚು ಯಾರ ತಲೆಗೆ?

2025ರ ಸೆಪ್ಟೆಂಬರ್ 22ರಿಂದ ಕುದುರೆ ರೇಸಿನ ಪಂತದ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. ಜೂಜಿಗೆ ಎಷ್ಟು ತೆರಿಗೆ ಹಾಕಿದರೂ ಕಡಿಮೆಯೇ ಎನ್ನುವುದು ಸುಲಭದ ಮಾತು. ಕೇಳಲು ಹಿತವಾಗಿದ್ದರೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ರೇಸನ್ನು ಸಾಕಬೇಕಾದವರು ಅದರ ಮೇಲೆ ಪಂತ ಕಟ್ಟುವವರು, ಆ ಪಂತದಿಂದ ಲಾಭ ಮಾಡುವವರು. ಸಾರ್ವಜನಿಕರಲ್ಲ. ಆದರೆ ಅವರಿಂದ ವಸೂಲು ಮಾಡುವ ಕ್ರಮ ಸರಿಯಿರಬೇಕು. ಈಗಿನದು ಸರಿಯಿಲ್ಲ.

ರೇಸ್ ಕ್ಲಬ್ಬಿನ ಟೋಟ್ ಕೌಂಟರಿನಲ್ಲಿ ಪಂತ ಕಟ್ಟಿದ 100 ರೂಪಾಯಿ ಪೂರ್ತಿ ಕ್ಲಬ್ಬಿನ ಪಾಲಾಗುವುದಿಲ್ಲ. ಎಲ್ಲರ ಹಣ ಒಂದೆಡೆ ಸೇರುತ್ತದೆ, ಕ್ಲಬ್ ತನ್ನ ಕಮಿಷನ್ ಹಿಡಿದುಕೊಳ್ಳುತ್ತದೆ, ಮಿಕ್ಕದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ತೆರಿಗೆ ಮಾತ್ರ ಕಮಿಷನ್ನಿನ ಮೇಲಲ್ಲ, ಇಡೀ ಪಂತದ ಮೇಲೆ. ಈ ನಿಯಮವನ್ನು ಪ್ರಶ್ನಿಸಿ ಬೆಂಗಳೂರು ಟರ್ಫ್ ಕ್ಲಬ್ 2021ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿತ್ತು. 2023ರ ಜಿಎಸ್‌ಟಿ ತಿದ್ದುಪಡಿ ಆ ನಿಯಮವನ್ನೇ ಮತ್ತೆ ಗಟ್ಟಿಮಾಡಿತು. ಗೆಲುವು 10,000 ರೂಪಾಯಿ ದಾಟಿದರೆ ಶೇ. 30ರಷ್ಟು ಟಿಡಿಎಸ್ ಬೇರೆ. ಫೋನಿನಲ್ಲೇ ಪಂತ ಹಿಡಿಯುವ ಕಳ್ಳ ಬುಕ್ಕಿಯ ಬಳಿ ಇದಾವುದೂ ಇಲ್ಲ. ಪಂತಗಾರ ಅತ್ತ ಹೊರಳಿದರೆ ಬೊಕ್ಕಸಕ್ಕೆ ಬಿಡಿಗಾಸೂ ಬರದು.

ಬ್ರಿಟನ್ನಿಗೆ ಇದು ಅರಿವಾಗಿ ಕಾಲು ಶತಮಾನವಾಯಿತು. ಅಲ್ಲಿಯೂ ಪಂತದ ಮೊತ್ತದ ಮೇಲೆಯೇ ಶೇ. 6.75 ಸುಂಕವಿತ್ತು. ರೇಸಿಗೆ ಹೋಗುವ ಲೆವಿಯೂ ಸೇರಿ ಬೆಟ್ಟಿಂಗ್ ಅಂಗಡಿಗಳು ಗಿರಾಕಿಯಿಂದ ಶೇ. 9ರಷ್ಟು ಮುರಿದುಕೊಳ್ಳುತ್ತಿದ್ದವು. ಸುಂಕ ತಪ್ಪಿಸಿಕೊಳ್ಳಲು ದೊಡ್ಡ ಬುಕ್‌ಮೇಕರ್‌ಗಳು ಜಿಬ್ರಾಲ್ಟರಿನತ್ತ ನಡೆದರು, ಫೋನ್ ಪಂತಗಳೂ ಅವರ ಹಿಂದೆಯೇ ಹೋದವು. 2001ರಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಆ ಸುಂಕವನ್ನೇ ತೆಗೆದು, ಬುಕ್‌ಮೇಕರ್‌ಗಳ ಒಟ್ಟು ಲಾಭದ ಮೇಲೆ ಶೇ. 15 ತೆರಿಗೆ ತಂದರು. ಗಿರಾಕಿಯ ಮೇಲಿನ ಕಡಿತ ನಿಂತಿತು. ಇದಲ್ಲದೆ 1961ರ ಕಾನೂನಿನಿಂದ ಬಂದ ಆ ಲೆವಿಯೂ ಇದೆ. ಬ್ರಿಟಿಷ್ ರೇಸಿನ ಪಂತದಿಂದ ಬುಕ್‌ಮೇಕರ್ ಗಳಿಸುವ ಲಾಭದಲ್ಲಿ, ಮೊದಲ 5 ಲಕ್ಷ ಪೌಂಡ್ ಬಿಟ್ಟು, ಶೇ. 10 ರೇಸಿಗೇ ಮರಳುತ್ತದೆ. ಬಹುಮಾನದ ಹಣ, ಕುದುರೆಗಳ ವೈದ್ಯಕೀಯ ಸಂಶೋಧನೆ, ಮೋಸ ತಡೆಯುವ ವ್ಯವಸ್ಥೆಗೆ ಅದು ಖರ್ಚಾಗುತ್ತದೆ.

ಹಾಗೆಂದು ತೆರಿಗೆಯಲ್ಲಿ ರೇಸಿನವರ ಮಾತು ನ್ಯಾಯವಾದರೆ ಉಳಿದ ಬೇಡಿಕೆಗಳೂ ನ್ಯಾಯವಾಗಿಬಿಡುವುದಿಲ್ಲ. ಅವರ ಗಟ್ಟಿ ವಾದ ಉದ್ಯೋಗದ್ದು, ಅದನ್ನು ತಳ್ಳಿಹಾಕುವಂತಿಲ್ಲ. ನಸುಕಿನಲ್ಲೆದ್ದು ಕುದುರೆಯ ಮೈ ತಿಕ್ಕುವ ಸೈಸ್, ಲಾಳ ಕಟ್ಟುವವನು, ಹುಲ್ಲು ಹೊರುವವನು, ಇವರಿಗೆ ಬೇರೆ ಕಸುಬು ಗೊತ್ತಿಲ್ಲ. ಆದರೆ ಇವರ ಹೆಸರಿನಲ್ಲಿ ಬಂದ ಸವಲತ್ತು ಇವರನ್ನು ತಲುಪಿದ್ದೆಷ್ಟು?

ಚೆನ್ನೈನ ಗಿಂಡಿಯನ್ನೇ ನೋಡಿ. ಸುಮಾರು 160 ಎಕರೆ ಸರ್ಕಾರಿ ಜಮೀನು 1940ರ ದಶಕದಲ್ಲಿ 99 ವರ್ಷಗಳ ಗುತ್ತಿಗೆಗೆ ರೇಸ್ ಕ್ಲಬ್ಬಿಗೆ ಸಿಕ್ಕಿತು. ಬಾಡಿಗೆ ವರ್ಷಕ್ಕೆ 614 ರೂಪಾಯಿ 13 ಆಣೆ. ಆಣೆಯೇ ಚಲಾವಣೆಯಿಂದ ಹೋದರೂ ಆ ದರಕ್ಕೆ ಕ್ಲಬ್ ಜೋತುಬಿದ್ದಿತ್ತು. ಬಾಡಿಗೆ ಏರಿಸಿದ ಸರ್ಕಾರದೊಂದಿಗೆ ದಶಕಗಳ ವ್ಯಾಜ್ಯ ನಡೆದು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಬಾಕಿ 730 ಕೋಟಿ ರೂಪಾಯಿ ಕಟ್ಟುವಂತೆ ಹೇಳಿತು. 2024ರಲ್ಲಿ ಸರ್ಕಾರ ಗುತ್ತಿಗೆಯನ್ನೇ ರದ್ದುಮಾಡಿತು. ಯಾವ ಬಜೆಟ್ಟಿನಲ್ಲೂ ಕಾಣದ ಸಬ್ಸಿಡಿ ಇದು. ಮಹಾನಗರದ ಅತಿ ಬೆಲೆಬಾಳುವ ನೆಲ ಕೆಲವರ ವಿನೋದಕ್ಕೆ ಮುಡಿಪಾಗಿತ್ತು.

ಐರ್ಲೆಂಡ್ ಈ ವಿಷಯದಲ್ಲಿ ಮುಚ್ಚುಮರೆ ಮಾಡುವುದಿಲ್ಲ. 2025ರ ಬಜೆಟ್ಟಿನಲ್ಲಿ ಕುದುರೆ ಮತ್ತು ಗ್ರೇಹೌಂಡ್ ರೇಸಿಗೆ ಸುಮಾರು 9.9 ಕೋಟಿ ಯೂರೋ ಇಟ್ಟಿತು, ಐದರಲ್ಲೊಂದು ಪಾಲು ನಾಯಿಗಳ ಓಟಕ್ಕೆ. ಇದು ಪಂತದ ಸುಂಕದಿಂದಲೇ ಬರುವ ಹಣವೆಂದು ಸಮರ್ಥಕರು ಹೇಳುತ್ತಾರೆ. ಆದರೆ ಆ ಸುಂಕ ಫುಟ್‌ಬಾಲ್ ಮೇಲಿನ ಪಂತದಿಂದಲೂ ಬರುತ್ತದೆ. ಅದರ ಮೇಲೆ ರೇಸಿಗೆ ಯಾವ ಹಕ್ಕು?

ಜಿಎಸ್‌ಟಿ ದರ ಬದಲಿಸುವುದು ಕರ್ನಾಟಕ ಒಂದರ ಕೈಯಲ್ಲಿಲ್ಲ, ಅದಕ್ಕೆ ಕೌನ್ಸಿಲ್ಲಿನ ಒಪ್ಪಿಗೆ ಬೇಕು. ಆದರೆ ಬೆಂಗಳೂರಿನ ನಟ್ಟನಡುವೆ, 2009ರಲ್ಲೇ ಗುತ್ತಿಗೆ ಮುಗಿದ ಸುಮಾರು 85 ಎಕರೆ ರೇಸ್‌ಕೋರ್ಸ್ ಜಾಗ ರಾಜ್ಯದ್ದು. ರೇಸಿಗೆ ಲೈಸೆನ್ಸ್ ಕೊಡುವುದೂ ರಾಜ್ಯವೇ. ರೇಸ್ ಅಲ್ಲೇ ನಡೆಯುವಷ್ಟು ಕಾಲ ಮಾರುಕಟ್ಟೆ ದರದ ಬಾಡಿಗೆ ಬರಲಿ. ಸೈಸ್‌ಗಳ ಪಿಎಫ್ ಮತ್ತು ವಿಮೆಗೆ, ಓಟ ನಿಲ್ಲಿಸಿದ ಕುದುರೆಗಳ ಪೋಷಣೆಗೆ ಕಮಿಷನ್ನಿನಲ್ಲಿ ಇಂತಿಷ್ಟು ಪಾಲು ತೆಗೆದಿಡಬೇಕೆಂಬ ಷರತ್ತು ಮುಂದಿನ ಲೈಸೆನ್ಸಿನಲ್ಲೇ ಸೇರಲಿ.