ಸಾಲವೇ ಇಲ್ಲ ಎಂದುಕೊಂಡಿದ್ದೆ, ಎರಡಿದ್ದವು!

ಬಂಗೂರನಗರದಲ್ಲಿ ನಾವು ನಾಲ್ವರು ಗೆಳೆಯರು ಒಟ್ಟಿಗೆ ಕೂತು ಬ್ಯಾಂಕ್ ಪರೀಕ್ಷೆಗೆ ಓದುತ್ತೇವೆ. ರೀಸನಿಂಗ್, ಕರೆಂಟ್ ಅಫೇರ್ಸ್ ಎಂದು ತಲೆ ಕೆಡಿಸಿಕೊಂಡಿದ್ದ ನಮ್ಮ ನಿದ್ದೆಗೆಡಿಸಿದ್ದು 2025ರ ಜೂನ್‌ನಲ್ಲಿ ಓದಿದ ಒಂದು ಸುದ್ದಿ. ಎಸ್‌ಬಿಐನ ಅಧಿಕಾರಿ ಹುದ್ದೆಗೆ ಆಯ್ಕೆಯಾಗಿ ನೇಮಕಾತಿ ಆದೇಶವನ್ನೂ ಪಡೆದಿದ್ದ ಅಭ್ಯರ್ಥಿಯೊಬ್ಬರ ನೇಮಕವನ್ನು ಬ್ಯಾಂಕ್ 2021ರಲ್ಲಿ ರದ್ದು ಮಾಡಿತ್ತು. ಕಾರಣ, ಅವರ ಸಿಬಿಲ್ ವರದಿ. ಬಾಕಿ ತೀರಿಸಿದ್ದೇನೆ ಎಂದು ಅವರು ವಾದಿಸಿದರೂ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು. ಜನರ ದುಡ್ಡು ನೋಡಿಕೊಳ್ಳುವವರಿಗೆ ಹಣಕಾಸಿನ ಶಿಸ್ತು ಬೇಕು ಎಂಬುದು ತೀರ್ಪಿನ ಸಾರ.

ಅಂದು ರಾತ್ರಿಯೇ ನನ್ನ ವರದಿ ತೆಗೆದು ನೋಡಿದೆ. ನನ್ನ ಹೆಸರಲ್ಲಿ ಯಾವ ಸಾಲವೂ ಇಲ್ಲ ಎಂಬ ಧೈರ್ಯವಿತ್ತು. ಎರಡಿದ್ದವು. ಒಂದು, ಹುಬ್ಬಳ್ಳಿಯಲ್ಲಿ ಎಂಬಿಎ ಓದಲು ಪಡೆದ ಶಿಕ್ಷಣ ಸಾಲ. ಕಂತು ಕಟ್ಟುವವರು ಅಪ್ಪ, ಹಾಗಾಗಿ ಅದು ಅಪ್ಪನ ಸಾಲ ಎಂದೇ ನನ್ನ ಲೆಕ್ಕ! ಕಾಗದದಲ್ಲಿ ಸಾಲಗಾರ ನಾನು, ಅಪ್ಪ ಜೊತೆಗಾರ. ಅವರು ಒಂದು ತಿಂಗಳು ತಪ್ಪಿಸಿದರೂ ಗುರುತು ಇಬ್ಬರ ವರದಿಯಲ್ಲೂ ಬೀಳುತ್ತದೆ. ಇನ್ನೊಂದು, ಕಂತಿನಲ್ಲಿ ಕೊಂಡ ಮೊಬೈಲ್. ಎಲ್ಲ ಕಟ್ಟಿ ಮುಗಿಸಿದ್ದೆ. ವರದಿಯಲ್ಲಿ ಮಾತ್ರ ಸಾಲ ಇನ್ನೂ ಜೀವಂತ, 417 ರೂಪಾಯಿ ಬಾಕಿ. ಎಂದೋ ಒಂದು ಕಂತು ಬೌನ್ಸ್ ಆದ ದಂಡವಂತೆ. ನನಗೊಂದು ಮೆಸೇಜೂ ಬಂದಿರಲಿಲ್ಲ.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಅಂಕೆ ನೋಡಿ ವರದಿ ಮುಚ್ಚಿಬಿಡುತ್ತೇವೆ. ನೋಡಬೇಕಾದ್ದು ಒಳಗಿದೆ. ನಿಮ್ಮದಲ್ಲದ ಸಾಲ ಇದೆಯೇ, ತೀರಿದ ಸಾಲದ ಮುಂದೆ 'ಕ್ಲೋಸ್ಡ್' ಎಂದಿದೆಯೇ, ಅಥವಾ 'ಸೆಟಲ್ಡ್' ಎಂದಿದೆಯೇ? ಸೆಟಲ್ಡ್ ಎಂದರೆ ಚೌಕಾಸಿ ಮಾಡಿ ಕಡಿಮೆ ಕಟ್ಟಿದ್ದಾರೆ ಎಂದರ್ಥ, ಅದು ಒಳ್ಳೆಯ ಮಾತಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2017ರಿಂದಲೇ ಇದೆ. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತೆ. ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ದುಡ್ಡು ಕೊಟ್ಟರೆ ಸ್ಕೋರ್ ಏರಿಸುತ್ತೇವೆ ಎನ್ನುವವರ ಫೋನ್ ಕಟ್ ಮಾಡಿ.

ತಪ್ಪಿದ್ದರೆ ಅದೇ ಕಂಪನಿಯ ವೆಬ್‌ಸೈಟ್‌ನಲ್ಲಿ ದೂರು ಕೊಡಬಹುದು. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ನಾನು ಆ 417 ಕಟ್ಟಿ, ಬಾಕಿಯಿಲ್ಲ ಎಂಬ ಪತ್ರ ತೆಗೆದುಕೊಂಡು ದೂರು ಹಾಕಿದೆ. ಸಾಲ ಮುಚ್ಚಿತು. ತಡವಾದ ತಿಂಗಳುಗಳ ಗುರುತು ಮಾತ್ರ ಇನ್ನೂ ಕೂತಿದೆ.

ಇಷ್ಟಾದರೂ ನನಗೊಂದು ತಕರಾರಿದೆ. ಕೆಲಸವಿಲ್ಲದೆ ಶಿಕ್ಷಣ ಸಾಲ ತೀರಿಸಲಾಗದವನಿಗೆ, ಸಾಲ ತೀರಿಸಿಲ್ಲ ಎಂದು ಕೆಲಸ ನಿರಾಕರಿಸಿದರೆ ಅವನು ಹೋಗುವುದಾದರೂ ಎಲ್ಲಿಗೆ? ಬೇಕೆಂದೇ ಕಟ್ಟದವನಿಗೂ ಕಟ್ಟಲಾಗದವನಿಗೂ ಆ ವರದಿಯಲ್ಲಿ ಒಂದೇ ಬಣ್ಣ. ಸ್ಕೋರ್ ಕಡಿಮೆ ಎಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತ್ತು. ಅದೇ ಉದಾರತೆ ನೇಮಕಾತಿಯಲ್ಲೂ ಬೇಕು, ಕನಿಷ್ಠ ಶಿಕ್ಷಣ ಸಾಲದ ಮಟ್ಟಿಗಾದರೂ.

ನೌಕರಿ ಬೇಡ, ಸ್ವಂತ ಉದ್ಯೋಗ ಮಾಡುತ್ತೇನೆ ಎಂದರೂ ಬಿಡುಗಡೆಯಿಲ್ಲ. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ ತರಬೇತಿ ಮುಗಿಸಿ ಸಾಲಕ್ಕೆ ಹೋದರೂ ಬ್ಯಾಂಕಿನವರು ಮೊದಲು ತೆರೆಯುವುದು ಇದೇ ವರದಿಯನ್ನು. ಅಮ್ಮನ ಹೆಸರಲ್ಲಿ ಮೈಕ್ರೋಫೈನಾನ್ಸ್ ಸಾಲವಿದ್ದರೆ ಅವರದ್ದನ್ನೂ ಒಮ್ಮೆ ತೆಗೆದು ನೋಡಿ.

ನಮ್ಮ ನಾಲ್ವರಲ್ಲಿ ಇಬ್ಬರು ಇನ್ನೂ ನೋಡಿಲ್ಲ. ಸಾಲವೇ ಇಲ್ಲದ ಮೇಲೆ ನೋಡೋದೇನು ಎನ್ನುತ್ತಾರೆ. ಅವರಲ್ಲೊಬ್ಬನ ಕೈಯಲ್ಲಿರುವುದು ಕಂತಿನ ಮೊಬೈಲ್.